ಹಿಂದಿರುಗುವ ವಿದ್ಯೆ



ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಜುಲೈ ತಿಂಗಳಲ್ಲಿ ಗೆಳೆಯರೊಡನೆ ಬಲ್ಲಾಳರಾಯನ ದುರ್ಗ ಏರುವ ಆಸೆ ಅವನಿಗೆ. "ಬೆಟ್ಟದ ಚೆಲುವೆಲ್ಲ ಮಳೆಗಾಲದಲ್ಲೇ ಅಲ್ಲವೇ ಸಾರ್?" ಎಂದ. ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ದಾರಿ, ಊಟ, ತಂಗುವ ಮನೆ ಎಲ್ಲವನ್ನೂ ವಿಚಾರಿಸಿದವನು, ಯಾವಾಗ ಹಿಂದಿರುಗಬೇಕು ಎಂಬುದನ್ನು ಮಾತ್ರ ಕೇಳಲಿಲ್ಲ. ಅವನು ಕೇಳದ ಆ ಪ್ರಶ್ನೆಗೆ ಉತ್ತರ ಈ ಬರಹ.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದ ಬಳಿ ಹಿಮ ಕುಸಿಯಿತು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳು, ಬೋಧಕರು ಸೇರಿ 25ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರು ಬೆಟ್ಟ ಅರಿಯದವರಲ್ಲ, ಬೆಟ್ಟ ಏರುವ ವಿದ್ಯೆಯನ್ನೇ ಕಲಿಯಲು ಹೋದವರು. ಹಳೆಯ ಹಿಮದ ಮೇಲೆ ಹೊಸ ಹಿಮ ಬಿದ್ದು, ನಡುವಿನ ಪದರ ಸಡಿಲವಾಗಿದ್ದರೆ, ಮೇಲಿನದು ಇಡಿಯಾಗಿ ಜಾರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಈ ಅಪಾಯ ಅತಿ ಹೆಚ್ಚು.

ನಮ್ಮಲ್ಲಿ ಹಿಮವಿಲ್ಲ, ನಿಜ. ಆದರೆ ಲೆಕ್ಕ ಬಹುಮಟ್ಟಿಗೆ ಒಂದೇ: ಇಳಿಜಾರು, ಭಾರ ಮತ್ತು ಸಡಿಲವಾದ ಪದರ. ವಾರಗಟ್ಟಲೆ ಮಳೆ ಹಿಡಿದಾಗ ಮಣ್ಣಿನ ಕಣಗಳ ನಡುವೆ ನೀರು ತುಂಬುತ್ತದೆ. ಭಾರ ಏರುತ್ತದೆ, ಹಿಡಿತ ತಪ್ಪುತ್ತದೆ. ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರಂತೂ ಧರೆಗೆ ಆಸರೆಯೇ ಇಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ಕಾಫಿ ತೋಟಗಳು ಮಣ್ಣಿನಡಿ ಸೇರಿದ್ದನ್ನು ನೀವು ಮರೆತಿರಲಾರಿರಿ. ಚಾರ್ಮಾಡಿ ಘಾಟಿಯೂ ಅದೇ ಮಳೆಯಲ್ಲಿ ಹಲವೆಡೆ ಕುಸಿಯಿತು.

ಬೆಟ್ಟ ಅನೇಕ ವೇಳೆ ಮುನ್ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದೆಡೆ ಚಿಮ್ಮುವ ಒರತೆ, ತಿಳಿಯಾಗಿದ್ದ ಹಳ್ಳ ಹಠಾತ್ತನೆ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ನೀರು ತಗ್ಗುವುದು, ಒಳಗಿನಿಂದ ಬರುವ ಗುಡುಗಿನಂತಹ ಸದ್ದು. ಇವುಗಳಲ್ಲಿ ಒಂದನ್ನು ಕಂಡರೂ ಛಾಯಾಚಿತ್ರ ತೆಗೆಯುತ್ತಾ ನಿಲ್ಲಬಾರದು. ಹಳ್ಳದ ಪಾತ್ರದಿಂದ ಪಕ್ಕಕ್ಕೆ, ಇಳಿಜಾರಿನಿಂದ ದೂರಕ್ಕೆ ಸರಿಯಬೇಕು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನವಂತೂ ಮನೆಯಿಂದಲೇ ಹೊರಡಬಾರದು. ಒಂದೇ ದಿನದಲ್ಲಿ 20 ಸೆಂಟಿಮೀಟರಿಗೂ ಮಿಕ್ಕಿದ ಮಳೆ ಬರಬಹುದೆಂಬುದು ಅದರ ಅರ್ಥ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1983ರ ದಸರಾ ರಜೆಯಲ್ಲಿ ನಿಮ್ಮಲ್ಲಿ ಕೆಲವರನ್ನು ಅದೇ ದುರ್ಗಕ್ಕೆ ಕರೆದೊಯ್ದಿದ್ದೆ. ದನ ಮೇಯಿಸುತ್ತಿದ್ದ ಮುದುಕರೊಬ್ಬರು, "ಮಧ್ಯಾಹ್ನದೊಳಗೆ ಇಳಿದುಬಿಡಿ ಮೇಷ್ಟ್ರೇ, ಗಾಳಿ ಸರಿಯಿಲ್ಲ" ಎಂದರು. ಕೋಟೆಯ ಗೋಡೆಯ ಮುಂದೆ ನಿಂತು ಹೊಯ್ಸಳರ ಕಥೆ ಹೇಳುವ ಹುರುಪಿನಲ್ಲಿ ನಾನು ಆ ಮಾತನ್ನು ಮರೆತೆ. ಮೂರು ಗಂಟೆಗೆ ಗುಡುಗು ಮಳೆ ಇಳಿಯಿತು. ಬೆಳಿಗ್ಗೆ ಪಾದ ಮಾತ್ರ ನೆನೆಸಿದ್ದ ಹಳ್ಳ ಈಗ ಮಂಡಿಯ ಮೇಲೆ ಹರಿಯುತ್ತಿತ್ತು. ಕತ್ತಲಾಗುವುದೆಂಬ ಭಯಕ್ಕೆ ಎಲ್ಲರನ್ನೂ ಕೈಕೈ ಹಿಡಿಸಿ ದಾಟಿಸಲು ಹೊರಟೆ. ನಡುವೆ ಏಳನೆಯ ತರಗತಿಯ ಹುಡುಗನೊಬ್ಬನ ಕಾಲು ಕಿತ್ತಿತು. ಹಿಂದಿದ್ದ ದೊಡ್ಡ ಹುಡುಗ ಅಂಗಿಯ ಕೊರಳುಪಟ್ಟಿ ಹಿಡಿದೆಳೆಯದಿದ್ದರೆ ಆ ಮಗು ಮನೆಗೆ ಬರುತ್ತಿರಲಿಲ್ಲ. ಅವನ ಬುತ್ತಿಯ ಡಬ್ಬಿ ಮಾತ್ರ ಕೊಚ್ಚಿಹೋಯಿತು.

ಇದಕ್ಕಿಂತ ದೊಡ್ಡ ತಪ್ಪು ಮುಂದಿನದು. ದಾರಿಯಲ್ಲಿ ನಾನು, "ಮನೆಯಲ್ಲಿ ಹೇಳುವುದು ಬೇಡ" ಎಂದೆ. ನೀವು ಹೇಳಲಿಲ್ಲ. ಗುರುವಿನ ಮಾತನ್ನು ಉಳಿಸಿದಿರಿ. ಗುರು ಅದಕ್ಕೆ ಅರ್ಹನಾಗಿರಲಿಲ್ಲ. ಬೆಟ್ಟದ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ, ಮಳೆ ನಿಂತು ಒಂದೆರಡು ತಾಸು ಕಾದಿದ್ದರೆ ಸಾಕಿತ್ತು ಎಂದು ಅದೇ ಊರಿನವರು ಆಮೇಲೆ ತಿಳಿಸಿದರು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದಾಗಲೆಲ್ಲ ಕಳಸ, ಹೊರನಾಡಿನ ಜನ ದಡದಲ್ಲಿ ಕಾದು ನಿಂತದ್ದನ್ನು ಕಂಡಿದ್ದೇನೆ. ಅದು ಹೇಡಿತನವಲ್ಲ, ತಲೆಮಾರುಗಳ ತಿಳಿವಳಿಕೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿ, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಾಗ ನಿಮ್ಮಲ್ಲಿ ಹಲವರು ಗೊಣಗಿದಿರಿ. ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಬೇಲಿಯೊಂದೇ ಕಾಯಲಾರದು. ನನ್ನ ಶಿಷ್ಯರಲ್ಲಿ ಹೋಂಸ್ಟೇ ನಡೆಸುವವರಿದ್ದೀರಿ, ಜೀಪು ಓಡಿಸುವವರಿದ್ದೀರಿ. ಮಳೆ ಹಿಡಿದ ದಿನ ಅತಿಥಿಗೆ "ಇಂದು ಬೇಡ" ಎನ್ನಿ. ಅವನು ಮುಂಗಡ ವಾಪಸು ಕೇಳಿದರೆ ಕೊಟ್ಟುಬಿಡಿ. ಆ ನಷ್ಟ ಮುಂದಿನ ಸುಗ್ಗಿಯಲ್ಲಿ ತುಂಬೀತು. ಏರುವವರು ಹೊರಡುವ ಮುನ್ನವೇ ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿ, ಕೆಳಗಿನ ಮನೆಯವರಿಗೆ ತಿಳಿಸಿ. ತುದಿ ನೂರು ಹೆಜ್ಜೆ ದೂರವಿದ್ದರೂ ಆ ಗಂಟೆಗೆ ತಿರುಗಿ.

ಅಂದು ಕಾಲು ಜಾರಿದ ಹುಡುಗ ಇಂದು ಎರಡು ಮಕ್ಕಳ ತಂದೆ; ಈ ಪುಟವನ್ನು ಓದುತ್ತಾನೆಂದು ಬಲ್ಲೆ. ಮಗೂ, ಅಂದು ಮನೆಯಲ್ಲಿ ಹೇಳದ್ದನ್ನು ಇಂದು ನಿನ್ನ ಮಕ್ಕಳಿಗೆ ಹೇಳು. ಮೇಷ್ಟರೇ ಹೇಳಲು ಹೇಳಿದರು ಎಂದು ಹೇಳು.