ನೆತ್ತರೋ, ನೆಲವೋ?

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ಮಹಾವೃಕ್ಷಗಳಿವೆ. ಹಾನಗಲ್ಲು, ಹಿರೇಕೆರೂರುಗಳ ಕಡೆಯಿಂದ ಬಂದವರು ಅವುಗಳ ಬುಡದ ಸುತ್ತಳತೆಯನ್ನು ಕಂಡು ಬೆರಗಾಗದೆ ಹಿಂದಿರುಗುವುದಿಲ್ಲ. ಹೆಸರಿಗೆ ಹುಣಸೆ, ಕುಲದಿಂದ ಅವು ಆಫ್ರಿಕಾ ಖಂಡದ ಬಾವೊಬಾಬ್ ಮರಗಳು. ಆದರೂ ಅವನ್ನು ಪರದೇಶದವೆಂದು ಕರೆಯುವವರು ನಮ್ಮಲ್ಲಿ ಒಬ್ಬರೂ ಇಲ್ಲ.

ಮರಕ್ಕೆ ತೋರಿದ ಈ ಔದಾರ್ಯವನ್ನು ಮನುಷ್ಯರಿಗೆ ತೋರಿದ್ದೇವೆಯೆ? ಹಾನಗಲ್ಲು, ಶಿಗ್ಗಾಂವಿಗಳ ಪಡುವಣ ಎಲ್ಲೆಯನ್ನು ದಾಟಿದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳಗಳ ಕಾಡು. ಅಲ್ಲಿ ಸಿದ್ದಿ ಜನರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಕನ್ನಡ, ಕೊಂಕಣಿಗಳನ್ನಾಡುವ ಈ ನೆರೆಯವರನ್ನು ನಾವು ಇಂದಿಗೂ ಬೇರೆ ದೇಶದವರಂತೆ ನೋಡುತ್ತೇವೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಇವರ ಮಕ್ಕಳನ್ನು ಹುಡುಕಿಕೊಂಡು ಬಂದಿತು. ಆಗ ಕೇಂದ್ರದಲ್ಲಿ ಕ್ರೀಡಾಖಾತೆಯ ಸಚಿವೆಯಾಗಿದ್ದವರು ಮಾರ್ಗರೆಟ್ ಆಳ್ವ. ಆಫ್ರಿಕಾದ ನೆತ್ತರಿರುವಲ್ಲಿ ಓಟವೂ ಇದ್ದೇ ಇರಬೇಕೆಂಬುದು ಯೋಜನೆಯ ನಂಬಿಕೆ. ಮಕ್ಕಳು ಓಡಿದರು, ಕಮಲಾ ಸಿದ್ದಿಯವರಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದರು. ಆದರೆ 1993ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ಕೆಲವರಿಗೆ ಆಟದ ಬಲದಿಂದ ನೌಕರಿ ದೊರೆಯಿತು. ಅನೇಕರು ಬಂದ ದಾರಿಯಲ್ಲೇ ಊರಿಗೆ ಮರಳಿದರು. ನೆತ್ತರು ಅದೇ ಆಗಿತ್ತಲ್ಲವೆ? ಬತ್ತಿದ್ದು ಯಾವುದು?

ಇದಕ್ಕೆ ಉತ್ತರವನ್ನು ದೂರದ ಇನ್ನೊಂದು ಬದುಕಿನಲ್ಲಿ ಕಾಣಬಹುದು. ಸೋಮಾಲಿಯಾದ ಸರಕಾರ ಕುಸಿದುಬಿದ್ದ 1991ರಲ್ಲಿಯೇ ಆ ನಾಡಿನ ಬುರಾವೊ ಪಟ್ಟಣದಲ್ಲಿ ಅಬ್ದಿಸಲಾಮ್ ಇಬ್ರಾಹಿಂ ಎಂಬ ಮಗು ಹುಟ್ಟಿತು. ಬಾಲ್ಯದಲ್ಲಿಯೇ ನಾರ್ವೆಗೆ ಬಂದ ಆತ ಓಸ್ಲೋ ಸಮೀಪದ ಊರಿನ ಕ್ಲಬ್ಬಿನಲ್ಲಿ ಕಾಲ್ಚೆಂಡಾಟ ಕಲಿತ. ಹದಿಹರೆಯದಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ತರಬೇತಿಗೆ ಆಯ್ಕೆಯಾದ. 2010ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಅಂಗಳಕ್ಕೂ ಇಳಿದ. ಆ ಎತ್ತರದಲ್ಲಿ ಅವನು ಬಹುಕಾಲ ನಿಲ್ಲಲಿಲ್ಲ. ಆದರೆ ಅಲ್ಲಿಂದ ಇಳಿದವನು ಪಾತಾಳಕ್ಕೆ ಬೀಳಲಿಲ್ಲ. ನಾರ್ವೆಯ ಸ್ಟ್ರೋಮ್ಸ್‌ಗೊಡ್‌ಸೆಟ್ ಮೊದಲಾದ ತಂಡಗಳಲ್ಲಿ ವರ್ಷಗಟ್ಟಲೆ ಆಡಿ ಆಟವನ್ನೇ ಜೀವನವೃತ್ತಿಯಾಗಿಸಿಕೊಂಡ.

ನಾವು ಗಮನಿಸಬೇಕಾದದ್ದು ಅವನ ಏರಿಕೆಗಿಂತ ಹೆಚ್ಚಾಗಿ ಈ ಇಳಿಕೆಯನ್ನು. ಅವನ ಕಾಲಿನ ಕೆಳಗೆ ಇನ್ನೊಂದು ಮೆಟ್ಟಿಲಿತ್ತು, ಅದರ ಕೆಳಗೆ ಮತ್ತೊಂದು. ಊರಿಗೊಂದು ಬಯಲು, ಬಯಲಿಗೊಬ್ಬ ಗುರು, ಸೋತವನಿಗೂ ಮರುವರ್ಷ ಆಡಲೊಂದು ತಂಡ: ಆಟಗಾರನನ್ನು ರೂಪಿಸುವುದು ಇವೇ. ಬುರಾವೊದಲ್ಲಿಯೇ ಉಳಿದ ಅವನ ಓರಗೆಯ ಮಕ್ಕಳಲ್ಲಿಯೂ ಅದೇ ನೆತ್ತರು ಹರಿಯುತ್ತಿತ್ತು. ಇಲ್ಲದೆ ಹೋದದ್ದು ಮೆಟ್ಟಿಲು ಮಾತ್ರ. ನಮ್ಮ ಸಿದ್ದಿ ಮಕ್ಕಳಿಗೆ ನಾವು ಒಂದೇ ಒಂದು ಉದ್ದನೆಯ ಏಣಿಯನ್ನು ಚಾಚಿದೆವು; ಮಕ್ಕಳು ನಡುವೆ ಇರುವಾಗಲೇ ಅದನ್ನು ಎಳೆದುಕೊಂಡೆವು.

‘ಇವರು ಹುಟ್ಟಿನಿಂದಲೇ ಓಟಗಾರರು’ ಎಂಬ ಹೊಗಳಿಕೆಯಲ್ಲಿಯೂ ಒಂದು ಅನ್ಯಾಯವಿದೆ. ಗೆದ್ದರೆ ಕೀರ್ತಿ ನೆತ್ತರಿನದು. ಸೋತರೆ ತಪ್ಪು ಮಗುವಿನದು. ಮುಂಜಾವಿನ ಅಭ್ಯಾಸಕ್ಕೂ ಬೆವರಿಗೂ ಅಲ್ಲಿ ಬೆಲೆಯೇ ಇಲ್ಲ. ಈಚಿನ ವರ್ಷಗಳಲ್ಲಿ ಮುಂಡಗೋಡದ ಸುತ್ತ ಸಿದ್ದಿ ಮಕ್ಕಳಿಗೆ ಮತ್ತೆ ಓಟದ ತರಬೇತಿ ದೊರೆಯುತ್ತಿರುವುದು ಸಂತೋಷದ ಸಂಗತಿ. ಅದು ಹತ್ತಾರು ವರ್ಷ ಬಾಳಬೇಕು. ಹಾನಗಲ್ಲು, ಶಿಗ್ಗಾಂವಿಗಳ ಶಾಲೆಯ ಬಯಲುಗಳೂ ಅವರಿಗೆ ತೆರೆಯಬೇಕು. ನಮ್ಮ ಮಕ್ಕಳೂ ಅವರ ಮಕ್ಕಳೂ ಒಂದೇ ತಂಡದಲ್ಲಿ ಆಡಬೇಕು.

2023ರ ಮಳೆಗಾಲದಲ್ಲಿ ಸವಣೂರಿನ ಆ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿತು. ಹಳೆಯ ಮರವೆಂದು ಯಾರೂ ಅದನ್ನು ಸೌದೆಗೆ ಕೊಡಲಿಲ್ಲ. ಯಂತ್ರಗಳನ್ನು ತರಿಸಿ ಎತ್ತಿ, ಅದೇ ಮಣ್ಣಿನಲ್ಲಿ ಮತ್ತೆ ನಿಲ್ಲಿಸಿದರು. ಬಿದ್ದ ಮರವನ್ನು ಎತ್ತಿ ನಿಲ್ಲಿಸಬಲ್ಲ ಜನರಿಗೆ, ಓಡುತ್ತ ಎಡವಿದ ಒಂದು ಮಗುವನ್ನು ಎತ್ತುವುದು ಅಸಾಧ್ಯವೇನಲ್ಲ.