ಬಾಂಗ್ಲಾದೇಶದ ಹೈಸ್ಕೂಲು ದಾಖಲಾತಿ ನಮಗೆ ಅಳತೆಗೋಲಾಗಬಹುದೆ?

ಪರ

ಆಗಲೇಬೇಕು. 1990ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಹೈಸ್ಕೂಲುಗಳಲ್ಲಿ ಮೂವರಿಗೆ ಒಬ್ಬಳಷ್ಟೇ ಹುಡುಗಿ. 1994ರಲ್ಲಿ ಅಲ್ಲಿನ ಸರ್ಕಾರ ಹಳ್ಳಿಯ ಹೆಣ್ಣುಮಕ್ಕಳಿಗೆ ಆರರಿಂದ ಹತ್ತನೇ ತರಗತಿವರೆಗೆ ವಿದ್ಯಾರ್ಥಿವೇತನ ಕೊಡತೊಡಗಿತು. ಶೇ 75 ಹಾಜರಾತಿ ಇರಬೇಕು, ಶೇ 45 ಅಂಕ ಬರಬೇಕು, ಅಲ್ಲಿಯವರೆಗೆ ಮದುವೆ ಆಗಿರಬಾರದು. ಹಣ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೇ ಜಮಾ. ಒಂದೇ ತಲೆಮಾರು ಕಳೆಯುವುದರೊಳಗೆ ದಾಖಲಾತಿಯಲ್ಲಿ ಹುಡುಗಿಯರು ಹುಡುಗರನ್ನು ಹಿಂದೆ ಹಾಕಿದರು. ನಮಗಿಂತ ಸಿರಿವಂತವೇನಲ್ಲದ ದೇಶ ಇದನ್ನು ಮಾಡಿತು ಎಂಬುದು ಎರಡೂ ದೇಶಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ಕಾಣುತ್ತದೆ. ‘ಹೆಣ್ಣುಮಕ್ಕಳನ್ನು ಅಷ್ಟು ದೂರದ ಶಾಲೆಗೆ ನಮ್ಮ ಜನ ಕಳಿಸುವುದಿಲ್ಲ’ ಎಂಬ ನೆಪಕ್ಕೆ ಇದೇ ಉತ್ತರ.

ಬಿಹಾರವನ್ನೇ ನೋಡಿ. 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಟ್ಟರು. ಅದು ಫಲಿಸಿತೆ ಎಂದು ತಿಳಿಯಲು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಪಕ್ಕದ ಜಾರ್ಖಂಡ್‌ನ ದಾಖಲಾತಿಯೊಂದಿಗೆ ಹೋಲಿಸಿದರು. ಬಿಹಾರದ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತ್ತು. ಹೋಲಿಕೆಯೇ ಬೇಡ ಎಂದಿದ್ದರೆ ಸೈಕಲ್ಲಿನ ಗುಣ ಯಾರಿಗೂ ಸಾಬೀತಾಗುತ್ತಿರಲಿಲ್ಲ.

ವಿರೋಧ

ಹುಡುಗಿಯರು ಶಾಲೆಗೆ ಬಂದದ್ದು ದೊಡ್ಡ ಸಂಗತಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಏರಿದ ಮಾತ್ರಕ್ಕೆ ಓದು ಮುಗಿಯಲಿಲ್ಲ. ಬಾಂಗ್ಲಾದೇಶದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿದೆ. ಭಾರತದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇದು ಶೇ 23. ದಾಖಲಾತಿಯಲ್ಲಿ ಮುಂದಿರುವ ದೇಶ ಇಲ್ಲಿ ಇಷ್ಟು ಹಿಂದೆ! ಬರೀ ದಾಖಲಾತಿಯ ಪಟ್ಟಿ ನೋಡಿ ಚಪ್ಪಾಳೆ ತಟ್ಟುವವರಿಗೆ ಆ ಹುಡುಗಿಯರು ಕಾಣುವುದೇ ಇಲ್ಲ.

ಅಂಕಿಯ ಲೆಕ್ಕವೂ ಅಷ್ಟು ನೇರವಲ್ಲ. ಒಟ್ಟು ದಾಖಲಾತಿ ಅನುಪಾತದಲ್ಲಿ ಫೇಲಾಗಿ ಅದೇ ತರಗತಿಯಲ್ಲಿ ಕೂತವರೂ ವಯಸ್ಸು ಮೀರಿದವರೂ ಸೇರುತ್ತಾರೆ, ಹಾಗಾಗಿ ಅದು ನೂರನ್ನೂ ದಾಟಬಹುದು. ಹೈಸ್ಕೂಲು ಎಂದರೆ ಬಾಂಗ್ಲಾದಲ್ಲಿ ಆರನೇ ತರಗತಿಯಿಂದ, ಕರ್ನಾಟಕದಲ್ಲಿ ಎಂಟರಿಂದ, ದೆಹಲಿಯ ಕಡತಗಳಲ್ಲಿ ಒಂಬತ್ತರಿಂದ. ಯುನೆಸ್ಕೊ ಇವನ್ನೆಲ್ಲ ಒಂದೇ ಅಚ್ಚಿಗೆ ಹೊಯ್ಯುತ್ತದೆ, ನಿಜ. ಕೇರಳವನ್ನೂ ಬಿಹಾರವನ್ನೂ ಒಂದೇ ಸರಾಸರಿಯಲ್ಲಿ ಮುಳುಗಿಸುವುದು ಅದರಿಂದ ತಪ್ಪುವುದಿಲ್ಲ.

ನಮ್ಮ ದೇಶದ ಅಂಕಿಗಳೇ ಒಂದಕ್ಕೊಂದು ಹೊಂದುತ್ತಿಲ್ಲ. ಶಾಲೆಗಳು ಒಟ್ಟು ಸಂಖ್ಯೆ ಕೊಡುವ ಬದಲು 2022–23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ವಿವರ ತುಂಬತೊಡಗಿದವು. ಎರಡೇ ವರ್ಷದಲ್ಲಿ ದೇಶದ ಒಟ್ಟು ದಾಖಲಾತಿ ಒಂದು ಕೋಟಿಗೂ ಹೆಚ್ಚು ಇಳಿಯಿತು. ಹಳೆಯ ಅಂಕಿಗಳೊಂದಿಗೆ ಇದನ್ನು ನೇರವಾಗಿ ಹೋಲಿಸಬೇಡಿ ಎಂದು ಶಿಕ್ಷಣ ಸಚಿವಾಲಯವೇ ಹೇಳಿತು. ನಿನ್ನೆಯ ಭಾರತದೊಂದಿಗೇ ಇಂದಿನ ಭಾರತವನ್ನು ಹೋಲಿಸಲಾಗದಿದ್ದರೆ ಢಾಕಾದ ಅಂಕಿಯೊಂದಿಗೆ ಹೋಲಿಸುವುದು ಹೇಗೆ?

ಹೋಲಿಸಲೇಬೇಕೆಂದರೆ ಆರನೇ ತರಗತಿಗೆ ಸೇರಿದ ನೂರು ಹುಡುಗಿಯರಲ್ಲಿ ಎಷ್ಟು ಜನ ಹತ್ತನೇ ತರಗತಿ ಪಾಸಾದರು ಎಂಬುದನ್ನು ಎರಡೂ ದೇಶಗಳಿಂದ ಕೇಳಿ.