ಕವಾಯತಿನಿಂದ ಹುಡುಗರು ತಿದ್ದಿಕೊಳ್ಳುತ್ತಾರೆಯೇ?

ಮಗ ಮಾತು ಕೇಳುತ್ತಿಲ್ಲವೆಂದು ಬೇಸತ್ತ ಅಪ್ಪಂದಿರು ನಮ್ಮಲ್ಲಿ ಆಡುವ ಮಾತೊಂದಿದೆ: ‘ಇವನನ್ನ ಮಿಲಿಟರಿಗೆ ಸೇರಿಸಿಬಿಡ್ಬೇಕು, ಆಗ ಬುದ್ಧಿ ಬರುತ್ತೆ.’ ಸಿಟ್ಟಿನಲ್ಲಿ ಆಡಿ ಸಂಜೆಗೆ ಮರೆತುಬಿಡುವ ಮಾತು ಅದು. ಅಮೆರಿಕ ಅದನ್ನೇ ಸರ್ಕಾರಿ ನೀತಿಯಾಗಿ ಮಾಡಿಕೊಂಡಿತು. 1983ರಲ್ಲಿ ಓಕ್ಲಹೋಮಾ ಮತ್ತು ಜಾರ್ಜಿಯಾ ರಾಜ್ಯಗಳು ವಯಸ್ಕ ಕೈದಿಗಳಿಗಾಗಿ ‘ಬೂಟ್ ಕ್ಯಾಂಪ್’ ತೆರೆದವು. ಎರಡು ವರ್ಷದೊಳಗೆ ಲೂಸಿಯಾನದ ಆರ್ಲಿಯನ್ಸ್‌ನಲ್ಲಿ ಅಪ್ರಾಪ್ತರಿಗೂ ಅಂಥದ್ದೇ ಶಿಬಿರ ಶುರುವಾಯಿತು. ತಲೆ ಬೋಳಿಸುವುದು, ನಸುಕಿಗೇ ಎಬ್ಬಿಸುವುದು, ಕವಾಯತು, ಓಟ, ಮುಖದ ಹತ್ತಿರಕ್ಕೇ ಬಾಯಿ ತಂದು ಕಿರುಚುವ ತರಬೇತುದಾರ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹೀಗೆ ನಡೆಸಿದರೆ ಹುಡುಗ ದಾರಿಗೆ ಬರುತ್ತಾನೆಂಬ ನಂಬಿಕೆ.

ಈ ನಂಬಿಕೆ ಹಬ್ಬಿದ್ದಕ್ಕೆ ಕಾರಣಗಳಿದ್ದವು. ಜೈಲುಗಳು ತುಂಬಿ ತುಳುಕುತ್ತಿದ್ದ ಕಾಲವದು. ವರ್ಷಗಟ್ಟಲೆ ಸೆರೆಯಲ್ಲಿಡುವುದಕ್ಕಿಂತ ಕೆಲವು ತಿಂಗಳ ಶಿಬಿರ ಅಗ್ಗವೆನಿಸಿತು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ. ಸಾಲಾಗಿ ನಿಂತು ಹೆಜ್ಜೆ ಹಾಕುವ ಹುಡುಗರು ಟಿ.ವಿ.ಯಲ್ಲಿ ಕಾಣುತ್ತಾರೆ. ಒಬ್ಬ ಆಪ್ತಸಮಾಲೋಚಕಿ ಹುಡುಗನ ತಾಯಿಯೊಂದಿಗೆ ಅಡುಗೆಮನೆಯಲ್ಲಿ ಕೂತು ವಾರವಾರವೂ ಮಾತಾಡುವುದು ಯಾರಿಗೂ ಕಾಣುವುದಿಲ್ಲ. ಮತ ಕೇಳುವವರಿಗೆ ಬೇಕಾದದ್ದು ಕಾಣುವ ಶಿಸ್ತು.

ಫಲ ಏನಾಯಿತು? 1992ರ ಸುಮಾರಿಗೆ ಅಲ್ಲಿನ ಕೇಂದ್ರ ಸರ್ಕಾರ ಕ್ಲೀವ್‌ಲ್ಯಾಂಡ್, ಡೆನ್ವರ್ ಮತ್ತು ಮೊಬೈಲ್ ನಗರಗಳಲ್ಲಿ ಒಂದು ಪ್ರಯೋಗ ನಡೆಸಿತು. ಒಂದೇ ಬಗೆಯ ತಪ್ಪು ಮಾಡಿದ ಹುಡುಗರಲ್ಲಿ ಕೆಲವರನ್ನು ಶಿಬಿರಕ್ಕೂ ಉಳಿದವರನ್ನು ಮಾಮೂಲಿ ವ್ಯವಸ್ಥೆಗೂ ಕಳಿಸಿ ಹೋಲಿಸಿತು. ಮತ್ತೆ ಅಪರಾಧಕ್ಕಿಳಿಯುವುದನ್ನು ಶಿಬಿರ ಎಲ್ಲಿಯೂ ಕಡಿಮೆ ಮಾಡಲಿಲ್ಲ. ಕ್ಲೀವ್‌ಲ್ಯಾಂಡಿನಲ್ಲಂತೂ ಶಿಬಿರಕ್ಕೆ ಹೋಗಿಬಂದವರೇ ಹೆಚ್ಚಾಗಿ ಮತ್ತೆ ಸಿಕ್ಕಿಬಿದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡೋರಿಸ್ ಮೆಕೆಂಜಿ ಮತ್ತು ಸಂಗಡಿಗರು ಮುಂದೆ ಇಂಥ 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಸಿಕ್ಕ ಉತ್ತರ ಅದೇ: ಒಟ್ಟಾರೆ ವ್ಯತ್ಯಾಸವೇ ಇಲ್ಲ. ಬ್ರಿಟನ್ 1980ರಿಂದ ಇದರ ಸೋದರಸಂಬಂಧಿಯೊಂದನ್ನು ನಡೆಸಿ, ಫಲ ಕಾಣದೆ 1988ರಲ್ಲಿ ಕೈಬಿಟ್ಟಿತ್ತು. ನ್ಯೂಜಿಲೆಂಡಿನ ಹಳೆಯ ಕವಾಯತು ಶಿಕ್ಷೆಯಿಂದ ಹೊರಬಂದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮತ್ತೆ ಶಿಕ್ಷೆಗೊಳಗಾದರು. ಅದೇ ದೇಶ 2024ರಲ್ಲಿ ಸೇನಾ ಮಾದರಿಯ ಶಿಬಿರವನ್ನು ಮತ್ತೆ ತೆರೆದಿದ್ದು ನೋಡಿದರೆ ಈ ಆಸೆ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ.

‘ಸೈನ್ಯ ಲಕ್ಷಾಂತರ ಒರಟು ಹುಡುಗರನ್ನು ಮನುಷ್ಯರನ್ನಾಗಿ ಮಾಡಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಾಡಿದೆ. ಆದರೆ ಸೈನ್ಯಕ್ಕೆ ಸೇರುವ ಹುಡುಗ ಬಹುಪಾಲು ತಾನಾಗಿ ಬಯಸಿ ಸೇರುತ್ತಾನೆ. ಭರ್ತಿಗಾಗಿ ಬೆಳಗಿನ ಜಾವ ಊರ ರಸ್ತೆಯಲ್ಲಿ ಓಡುವ ನಮ್ಮ ಕೊಡಗು, ಬೆಳಗಾವಿಯ ಹುಡುಗರನ್ನು ನೆನೆಯಿರಿ. ಆ ಬೆವರಿನ ಕೊನೆಗೆ ಸಮವಸ್ತ್ರವಿದೆ, ಸಂಬಳವಿದೆ, ಊರಿಗೆ ಬಂದಾಗ ಸಿಗುವ ಮರ್ಯಾದೆಯಿದೆ, ಜೀವಕ್ಕೆ ಜೀವ ಕೊಡುವ ಜೊತೆಗಾರರಿದ್ದಾರೆ. ಹವಾಲ್ದಾರ ಬೈದರೂ ಅದು ತನ್ನನ್ನು ತಮ್ಮವನನ್ನಾಗಿ ಮಾಡಿಕೊಳ್ಳಲು ಎಂಬುದು ಅವನಿಗೆ ಗೊತ್ತು. ಬೂಟ್ ಕ್ಯಾಂಪು ಸೈನ್ಯದಿಂದ ಎರವಲು ತಂದದ್ದು ಬೈಗುಳವನ್ನು ಮಾತ್ರ. ತೊಂಬತ್ತನೆಯ ದಿನ ಹುಡುಗ ಹಿಂತಿರುಗುವುದು ಅದೇ ಓಣಿಗೆ, ಅದೇ ಗೆಳೆಯರ ಬಳಿಗೆ, ಅದೇ ಕುಡುಕ ಅಪ್ಪನ ಮನೆಗೆ. ಅಪ್ಪಣೆ ಕೊಡುವವನು ಎದುರಿಗಿರುವವರೆಗೆ ವಿಧೇಯನಾಗಿರುವುದನ್ನು ಅವನು ಕಲಿತಿರುತ್ತಾನೆ. ಯಾರೂ ನೋಡದಿದ್ದಾಗ ‘ಬೇಡ’ ಎನ್ನುವುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಮೇಲಾಗಿ, ಬಲವಿದ್ದವನು ಕಿರುಚಬಹುದು, ಇಲ್ಲದವನು ಬಗ್ಗಬೇಕು ಎಂಬ ಪಾಠ ಅವನಿಗೆ ಬೀದಿಯಲ್ಲೇ ಆಗಿದೆ. ಅದನ್ನೇ ಸರ್ಕಾರದ ಖರ್ಚಿನಲ್ಲಿ ಇನ್ನೊಮ್ಮೆ ಹೇಳಿಕೊಟ್ಟಂತಾಯಿತು.

ಈ ಪಾಠದ ಕೊನೆಯ ಮೆಟ್ಟಿಲು 2006ರ ಜನವರಿಯಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಕಂಡಿತು. ಮಾರ್ಟಿನ್ ಲೀ ಆಂಡರ್ಸನ್‌ಗೆ ಹದಿನಾಲ್ಕು ವರ್ಷ. ಅಜ್ಜಿಯ ಕಾರನ್ನು ಕೇಳದೆ ಒಯ್ದ ಪ್ರಕರಣದಿಂದ ಅವನ ಕಷ್ಟ ಶುರುವಾಗಿತ್ತು. ಶಿಬಿರದ ಮೊದಲ ದಿನವೇ ಓಡುತ್ತ ಓಡುತ್ತ ಕುಸಿದ. ನಟಿಸುತ್ತಿದ್ದಾನೆಂದುಕೊಂಡ ಕಾವಲುಗಾರರು ಅವನನ್ನು ಹಿಡಿದು, ಹೊಡೆದು, ಬಾಯಿ ಮುಚ್ಚಿ ಮೂಗಿಗೆ ಅಮೋನಿಯ ಹಿಡಿದರು. ನರ್ಸ್ ಪಕ್ಕದಲ್ಲೇ ನಿಂತಿದ್ದರು. ಸುಮಾರು ಅರ್ಧ ಗಂಟೆಯ ಇದೆಲ್ಲವೂ ಕ್ಯಾಮೆರಾದಲ್ಲಿ ದಾಖಲಾಗಿದೆ. ಮರುದಿನ ಹುಡುಗ ತೀರಿಕೊಂಡ. ಮೊದಲ ಶವಪರೀಕ್ಷೆ ರಕ್ತದ ದೋಷವನ್ನು ಕಾರಣವೆಂದಿತು, ಎರಡನೆಯದು ಉಸಿರುಗಟ್ಟಿದ್ದೆಂದಿತು. 2007ರಲ್ಲಿ ಏಳು ಕಾವಲುಗಾರರೂ ನರ್ಸೂ ಖುಲಾಸೆಯಾದರು. ಫ್ಲಾರಿಡಾ ಮಾತ್ರ ಅಷ್ಟರೊಳಗೆ ಅವನ ಹೆಸರಿನಲ್ಲೇ ಕಾನೂನು ತಂದು ಅಂಥ ಶಿಬಿರಗಳನ್ನು ಮುಚ್ಚಿತ್ತು. ಆ ಕಾವಲುಗಾರರೆಲ್ಲ ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ನೋವನ್ನು ಸೋಮಾರಿತನವೆಂದೇ ಓದಲು ಕಲಿಸಿದ ವ್ಯವಸ್ಥೆಯಲ್ಲಿ ಹುಡುಗನ ಕಡೆಯ ಉಸಿರೂ ನಾಟಕದಂತೆ ಕಂಡಿತು.

ಶಿಬಿರಗಳಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ದಿನಕ್ಕೊಂದು ಕ್ರಮ, ಹೊತ್ತಿಗೆ ಊಟ, ಪಾಠ ಸಿಕ್ಕ ಕಡೆ ಹುಡುಗರು ಓದಿನಲ್ಲಿ ಮುಂದೆ ಬಂದರು. ಆದರೆ ಅವು ಕಿರುಚಾಟವಿಲ್ಲದೆಯೂ ಸಿಗುವಂಥವು. ಯೂಟಾದಲ್ಲಿ 1970ರ ದಶಕದಲ್ಲಿ ಬೆಳೆದ ಕುಟುಂಬ ಚಿಕಿತ್ಸೆಯ ಪದ್ಧತಿ ಇಡೀ ಮನೆಯನ್ನೇ ಕೂರಿಸಿಕೊಂಡು ಮಾತಾಡುತ್ತದೆ. ಸಂಶೋಧಕ ಮಾರ್ಕ್ ಲಿಪ್ಸಿ 2009ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ ಕಂಡದ್ದೂ ಇಂಥ ದಾರಿಯೇ ಫಲ ಕೊಡುತ್ತದೆಂದು: ಸಮಾಲೋಚನೆ, ಕೌಶಲ ಕಲಿಕೆ ಮರು ಅಪರಾಧವನ್ನು ಇಳಿಸುತ್ತವೆ, ಬರಿಯ ಶಿಸ್ತು ಅದನ್ನು ಏರಿಸುತ್ತದೆ.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ. ಅದೇ ಕಾಯ್ದೆ ಘೋರ ಅಪರಾಧಗಳಲ್ಲಿ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಣೆ ಮಾಡಲೂ ಬಾಗಿಲು ತೆರೆದಿದೆ. ಒಂದು ಭೀಕರ ಸುದ್ದಿ ಬಂದಾಗೆಲ್ಲ ಇನ್ನಷ್ಟು ಬಿಗಿ ಬೇಕೆಂಬ ಕೂಗು ಏಳುತ್ತದೆ. ನಾಳೆ ಕವಾಯತು ಶಿಬಿರ ತೆರೆಯಿರಿ ಎಂಬ ಕೂಗೂ ಏಳಬಹುದು. ಆಗ ಆ ಹಣವನ್ನು ಅಪರಾಧದ ಆರೋಪ ಹೊತ್ತ ಮಕ್ಕಳನ್ನಿಡುವ ನಮ್ಮ ವೀಕ್ಷಣಾಲಯಗಳಿಗೆ ಒಳ್ಳೆಯ ಶಿಕ್ಷಕರನ್ನು, ಆಪ್ತಸಮಾಲೋಚಕರನ್ನು, ಬಿಡುಗಡೆಯಾದ ಹುಡುಗನ ಮನೆಗೆ ಹೋಗಿ ವಿಚಾರಿಸುವವರನ್ನು ನೇಮಿಸಲು ಕೊಡಿ ಎಂದು ಕೇಳೋಣ.